ಬ್ರಷ್ ಒರೆಸುವ ಹಲಗೆ

ಹುಟ್ಟಿದಾಗ ಅವಳ ಅಳು ಎಷ್ಟು ಸಣ್ಣಗೆ, ಎಷ್ಟು ಉದ್ದಕ್ಕೆ ಎಳೆಯುತ್ತಿತ್ತೆಂದರೆ, ನೋಡಲು ಬಂದಿದ್ದ ಚಿಕ್ಕಪ್ಪ, "ಇದೇನಣ್ಣ, ಆಸ್ಪತ್ರೆಯಿಂದ ಮಗು ತಂದ್ಯೋ, ಪಿಟೀಲು ತಂದ್ಯೋ?" ಅಂದಿದ್ದ. ಆ ಹೆಸರೇ ನಿಂತಿತು. ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರಿತ್ತು. ಮನೆಯಲ್ಲಿ ಅವಳು ಕೊನೆಯವರೆಗೂ ಪಿಟೀಲು.

ಅಪ್ಪ ಮನೆಗಳಿಗೆ ಬಣ್ಣ ಬಳಿಯುವವನು. ಅಮ್ಮನದು ಲಾಂಡ್ರಿಯಲ್ಲಿ ಕೆಲಸ. ಹೋಟೆಲುಗಳಿಂದ ಬಂದ ಹಾಸು ಹೊದಿಕೆಗಳನ್ನು ಒಗೆದು ಒಣಗಿಸಿದ ಮೇಲೆ ಎರಡು ತುದಿ ಹಿಡಿದು ಇಸ್ತ್ರಿಯ ಉರುಳೆಗೆ ಕೊಡುವುದು. ಮೇಲಂತಸ್ತಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅಪ್ಪನ ಡಬ್ಬ, ಬ್ರಷ್, ಏಣಿ. ಇದ್ದವಳು ಒಬ್ಬಳೇ ಮಗಳು. ಕಾಲೇಜಿಗೆ ಸೇರಿದ ಎರಡನೆಯ ವರ್ಷ ಅವಳ ಮೂತ್ರಪಿಂಡ ಎರಡೂ ಕೈಕೊಟ್ಟವು. ಅಲ್ಲಿಂದಾಚೆ ದಿನ ಬಿಟ್ಟು ದಿನ ಆಸ್ಪತ್ರೆ, ಡಯಾಲಿಸಿಸ್. ಹೋದರೆ ಅರ್ಧ ದಿನ ಅಲ್ಲೇ.

ಆ ಅರ್ಧ ದಿನ ಕಳೆಯುವುದಕ್ಕೆ ಅವಳು ಹಿಡಿದ ಹವ್ಯಾಸ ಲ್ಯಾಪ್‌ಟಾಪಿನಲ್ಲಿ ಆಲ್ಬಮ್ ಮಾಡುವುದು. ಹಿಂದೆಲ್ಲ ದಪ್ಪ ಕಾಗದದ ಪುಸ್ತಕದಲ್ಲಿ ಫೋಟೋ ಅಂಟಿಸಿ, ಸುತ್ತ ರಿಬ್ಬನ್ನು, ಜರಿಕಾಗದ, ಒಣಗಿದ ಹೂವು ಸೇರಿಸಿ, ಕೆಳಗೆ ಎರಡು ಸಾಲು ಬರೆಯುತ್ತಿದ್ದರಲ್ಲ, ಅದನ್ನೇ ಗೋಂದು ಕತ್ತರಿ ಇಲ್ಲದೆ ತೆರೆಯ ಮೇಲೆ ಮಾಡುವುದು. ಎಡಗೈ ಯಂತ್ರಕ್ಕೆ, ಬಲಗೈ ಮೌಸಿಗೆ. "ಎರಡು ಕೈಗೂ ಡ್ಯೂಟಿ ಇದೆಯಮ್ಮ, ಬಿಸ್ಕತ್ತು ನೀನೇ ಬಾಯಿಗಿಡು," ಅನ್ನುತ್ತಿದ್ದಳು. ಅಮ್ಮ ಇಡುತ್ತಿದ್ದಳು.

ಪುಟಕ್ಕೆ ಬೇಕಾದ ಕಾಗದ, ರಿಬ್ಬನ್ನು, ಗುಂಡಿಗಳೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಯಾರೋ ಮಾಡಿಟ್ಟಿರುತ್ತಾರೆ, ಇಳಿಸಿಕೊಂಡು ಬಳಸುವುದು. ಸ್ವಲ್ಪ ಕಾಲ ಪಿಟೀಲು ಹಾಗೇ ಬಳಸಿದಳು. ಆಮೇಲೆ, "ಎಲ್ಲರ ಪುಟದಲ್ಲೂ ಅದೇ ಗುಲಾಬಿ, ಅದೇ ಚಿಟ್ಟೆ. ನೋಡಿ ನೋಡಿ ಸಾಕಾಯ್ತು," ಎಂದು ತಾನೇ ಮಾಡತೊಡಗಿದಳು. ಲಾಂಡ್ರಿಯ ಯಂತ್ರದ ತಳದಲ್ಲಿ ಸಿಗುವ ಬಿಚ್ಚಿಹೋದ ಅಂಗಿ ಗುಂಡಿಗಳನ್ನು ಅಮ್ಮ ಜೇಬಿನಲ್ಲಿ ತರುತ್ತಿದ್ದಳು. ಅವನ್ನು ಬಿಳಿ ಕಾಗದದ ಮೇಲಿಟ್ಟು ಫೋಟೋ ತೆಗೆದಳು. ಕೈಗೆ ಕಟ್ಟುವ ಬ್ಯಾಂಡೇಜಿನ ಜಾಳಿಗೆ ಬಟ್ಟೆ ಅವಳ ಕೈಯಲ್ಲಿ ಲೇಸ್ ಆಯಿತು. ಅಪ್ಪನ ಗೂಡಿನಲ್ಲಿ ಒಂದು ಹಲಗೆ ಇತ್ತು. ಸಂಜೆ ಬ್ರಷ್ ತೊಳೆಯುವ ಮೊದಲು ಉಳಿದ ಬಣ್ಣವನ್ನು ಅವನು ಅದಕ್ಕೆ ಒರೆಸುತ್ತಿದ್ದ. ವರ್ಷಗಟ್ಟಲೆ ಒರೆಸಿ ಒರೆಸಿ ಬಣ್ಣದ ಮೇಲೆ ಬಣ್ಣ ಕೂತು ಹಲಗೆಯೇ ದಪ್ಪವಾಗಿತ್ತು. ಒಂದು ಭಾನುವಾರ ಪಿಟೀಲು ಅದನ್ನು ಬಿಸಿಲಿಗೆ ಎಳೆಸಿ, ಗೇಣು ಗೇಣು ಜಾಗವನ್ನೂ ಫೋಟೋ ತೆಗೆದಳು.

"ಗಲೀಜು ಹಲಗೇನ ಏನೇ ಮಾಡ್ತೀಯ?" ಅಂದ ಅಪ್ಪ.

"ಗಲೀಜಲ್ಲಪ್ಪ. ನೀನು ಬಳಿದ ಗೋಡೆಗಿಂತ ಇದು ಚೆನ್ನಾಗಿದೆ."

"ಅದನ್ನ ಮನೆ ಕಟ್ಟಿಸಿದೋರ ಮುಂದೆ ಹೇಳ್ಬೇಡ, ನನ್ನ ಕೆಲಸ ಹೋಗುತ್ತೆ."

ಪುಟ ಮಾಡುವವರದೇ ಒಂದು ಗುಂಪು ಇತ್ತು ಇಂಟರ್ನೆಟ್ಟಿನಲ್ಲಿ. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಪಿಟೀಲು ತನ್ನ ಸಾಮಗ್ರಿಯನ್ನೆಲ್ಲ ಅಲ್ಲಿ ಪುಕ್ಕಟೆ ಇಡುತ್ತಿದ್ದಳು. ಜೊತೆಗೆ ಅಲ್ಲಿದ್ದವರಿಗೆಲ್ಲ ಒಂದೇ ಉಪದೇಶ: ಫೋಟೋ ಮೂರು ಕಡೆ ಇರಬೇಕು, ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಆಸ್ಪತ್ರೆಯ ನರ್ಸುಗಳನ್ನೂ ಬಿಡುತ್ತಿರಲಿಲ್ಲ. ಆದರೆ ಅವಳ ಸ್ವಂತ ಡಿಸ್ಕು ಒಂದು ದಿನ ಹಾಸಿಗೆಯಿಂದ ಜಾರಿ ಬಿತ್ತು. ಎತ್ತಿ ಜೋಡಿಸಿದರೆ ಒಳಗೆ ಟಿಕ್ ಟಿಕ್ ಅನ್ನುವ ಸದ್ದು ಮಾತ್ರ.

"ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿಂದೇ ಒಂದು ಕಡೆ ಉಳೀತಲ್ಲೇ," ಅಂದ ಅಪ್ಪ.

"ತಗೊಂಡ್ರಾಯ್ತು ಬಿಡಪ್ಪ, ಇನ್ನೊಂದು," ಅಂದಳು ಪಿಟೀಲು, ಕೆಟ್ಟ ಡಿಸ್ಕನ್ನು ಕಸದ ಬುಟ್ಟಿಗೆ ಹಾಕುತ್ತಾ.

ತಗೊಳ್ಳುವುದಕ್ಕೆ ಆಗಲಿಲ್ಲ. ಮೊದಲು ಜ್ವರ ಅಂದರು, ಆಮೇಲೆ ಸೋಂಕು ರಕ್ತಕ್ಕೆ ಹೋಗಿದೆ ಅಂದರು. ವಾರದೊಳಗೆ ಎಲ್ಲ ಮುಗಿದುಹೋಯಿತು.

ಮಗಳು ಹೋದ ಮೇಲೆ ಅಮ್ಮ ಕೆಲಸಕ್ಕೆ ಹೋದಳು. ಅಪ್ಪನೂ ಹೋದ. ಇಬ್ಬರೂ ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಜಗಳವೂ ಇರಲಿಲ್ಲ. ಅವಳ ಕೋಣೆಯ ಬಾಗಿಲನ್ನು ಅಮ್ಮ ಗುಡಿಸುವಾಗ ಮಾತ್ರ ತೆಗೆಯುತ್ತಿದ್ದಳು. ಲ್ಯಾಪ್‌ಟಾಪಿನ ಚೀಲ ಕಪಾಟಿನ ಮೇಲಿತ್ತು. ಅದರತ್ತ ಅವಳು ಕಣ್ಣೆತ್ತುತ್ತಿರಲಿಲ್ಲ. ಇದೆಯಲ್ಲ, ಯಾವತ್ತಾದರೂ ಎದೆ ಗಟ್ಟಿಯಾದಾಗ ನೋಡಿದರಾಯಿತು ಎಂಬ ಧೈರ್ಯ ಅವಳಿಗೆ.

ಬೇಸಿಗೆ ಕಳೆದು ಚಳಿ ಬಂತು. ಒಂದು ದಿನ ಲಾಂಡ್ರಿಯಲ್ಲಿ ಹಾಸಿನ ತುದಿ ಹಿಡಿದು ನಿಂತವಳಿಗೆ ಇದ್ದಕ್ಕಿದ್ದಂತೆ ಒಂದು ಸಂಶಯ ಬಂತು. ಪಿಟೀಲುವಿಗೆ ಒಂದು ಕೋರೆಹಲ್ಲು ಮೇಲೆ ಹತ್ತಿಕೊಂಡಿತ್ತು, ನಕ್ಕರೆ ಕಾಣುತ್ತಿತ್ತು. ಅದು ಎಡಕ್ಕಿತ್ತೋ, ಬಲಕ್ಕಿತ್ತೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹೆತ್ತವಳಿಗೇ ನೆನಪಾಗಲಿಲ್ಲ. ಎದುರು ತುದಿ ಹಿಡಿದಿದ್ದವಳು, "ಯಾಕಕ್ಕ, ಹುಷಾರಿಲ್ವಾ?" ಅಂದಳು. ಅವಳು ಪಾಳಿ ಮುಗಿಯುವವರೆಗೂ ಕಾಯದೆ ಮನೆಗೆ ಬಂದಳು. ಕುರ್ಚಿ ಹಾಕಿ ಹತ್ತಿ ಚೀಲ ಇಳಿಸಿದಳು. ಎತ್ತುವಾಗಲೇ ಹಗುರ ಅನ್ನಿಸಿತು. ಒಳಗೆ ಮೌಸು ಇತ್ತು, ಒಂದು ಬಿಸ್ಕತ್ತಿನ ಪೊಟ್ಟಣ ಇತ್ತು. ಲ್ಯಾಪ್‌ಟಾಪ್ ಇರಲಿಲ್ಲ.

ಸಂಜೆ ಗಂಡ ಬಂದು ಬೂಟು ಬಿಚ್ಚುತ್ತಿದ್ದಾಗ ಚೀಲವನ್ನು ಅವನ ಮುಂದಿಟ್ಟಳು.

"ಇದರಲ್ಲಿದ್ದದ್ದು ಎಲ್ಲಿ?"

ಅವನು ಚೀಲ ನೋಡಿದ. ಬೂಟಿನ ಲೇಸು ಬಿಚ್ಚುವುದನ್ನು ಮುಂದುವರಿಸಿದ. ಕೊನೆಗೆ, "ತಮ್ಮನಿಗೆ ಕೊಟ್ಟೆ," ಅಂದ.

"ಯಾವಾಗ?"

"ಆಗಲೇ. ಅವಳು ಹೋದ ತಿಂಗಳಲ್ಲೇ. ಅವನ ಆಫೀಸಿಗೆ ಬೇಕಿತ್ತು."

"ನನ್ನ ಕೇಳ್ಲಿಲ್ವಲ್ಲ ನೀವು."

"ಮನೇಲಿ ಇಟ್ಕೊಂಡು ನನ್ನ ಕೈಲಿ ಆಗ್ತಿರ್ಲಿಲ್ಲ ಕಣೇ."

ಅವಳು ಲಾಂಡ್ರಿಯ ಸಮವಸ್ತ್ರದಲ್ಲೇ ಚಪ್ಪಲಿ ಮೆಟ್ಟಿಕೊಂಡು ಮೈದುನನ ಆಫೀಸಿಗೆ ಹೊರಟಳು. ಅವನದು ಡ್ರೈವಿಂಗ್ ಶಾಲೆ. ಗೋಡೆಯ ತುಂಬ ರಸ್ತೆ ಚಿಹ್ನೆಗಳು, ಮೇಜಿನ ಮೇಲೆ ಪಿಟೀಲುವಿನ ಲ್ಯಾಪ್‌ಟಾಪ್. ಮುಚ್ಚಳದ ಮೇಲೆ ಅವಳು ಅಂಟಿಸಿದ್ದ ಸ್ಟಿಕ್ಕರುಗಳನ್ನು ಕೆರೆದು ತೆಗೆದಿದ್ದರು, ಗುರುತು ಉಳಿದಿತ್ತು.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ," ಅಂದ ಮೈದುನ ಎದ್ದು ನಿಂತು. ಅವಳ ಮುಖ ನೋಡಿ ತಾನೂ ಕೂರಲಿಲ್ಲ.

"ಅವಳ ಫೋಟೋ ಎಲ್ಲ ಇದರಲ್ಲಿತ್ತು. ತೋರಿಸು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೇಜಿನ ಅಂಚು ಹಿಡಿದುಕೊಂಡ. "ಅತ್ತಿಗೆ, ಎಲ್ಲ ಅಳಿಸಿ ಹೊಸದಾಗಿ ಹಾಕಿಸಿದೆನಲ್ಲ. ಏನಾದ್ರೂ ಬೇಕಾದ್ದಿದೆಯಾ ಅಂತ ಅಣ್ಣನ್ನ ಕೇಳಿದೆ. ಇನ್ನೇನು ಬೇಕಾಗಿದೆ, ತಗೊಂಡ್ಹೋಗು ಅಂದ. ನಾನು..." ಮಗುವಿಗೆ ಪಿಟೀಲು ಅಂತ ಹೆಸರಿಟ್ಟವನೇ ಅವನು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ನೋಡಿದಳು, ಆದರೆ ಸಮಾಧಾನ ಹೇಳುವ ಶಕ್ತಿ ಅವಳಲ್ಲಿರಲಿಲ್ಲ. ಲ್ಯಾಪ್‌ಟಾಪನ್ನು ಮಡಿಸಿ, ತಂತಿ ಸುತ್ತಿ, ಎದೆಗೆ ಅವಚಿಕೊಂಡು ಹೊರಟಳು. ಅವನು ತಡೆಯಲಿಲ್ಲ.

ಫೋನಿನಲ್ಲೂ ಇರಲಿಲ್ಲ. ಅಪ್ಪ ಅಮ್ಮನದು ಕ್ಯಾಮೆರಾ ಇಲ್ಲದ ಫೋನು. ಮಗಳ ಫೋನು ಹಳೆಯದು, ಬೇಗ ತುಂಬಿಹೋಗುತ್ತಿತ್ತು; ವಾರಕ್ಕೊಮ್ಮೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ ಖಾಲಿ ಮಾಡುತ್ತಿದ್ದಳು. ಚಿಕ್ಕಂದಿನ ನಾಲ್ಕು ಅಚ್ಚು ಫೋಟೋ, ಕಾಲೇಜಿನ ಗುರುತಿನ ಚೀಟಿ, ಇಷ್ಟೇ ಮನೆಯಲ್ಲಿದ್ದದ್ದು. ಗುರುತಿನ ಚೀಟಿಯಲ್ಲಿ ಅವಳು ತುಟಿ ಬಿಗಿದುಕೊಂಡಿದ್ದಳು.

ಅಳಿಸಿದ ಫೈಲುಗಳನ್ನು ಹುಡುಕಿಕೊಡುವ ಒಂದು ಅಂಗಡಿ ಇದೆ ಎಂದು ಲಾಂಡ್ರಿಯಲ್ಲಿ ಯಾರೋ ಹೇಳಿದರು. ಅಲ್ಲಿದ್ದವಳು ಕಡಿಮೆ ಮಾತಿನ ಹೆಂಗಸು, ಕೊರಳಲ್ಲಿ ಕನ್ನಡಕ ತೂಗುಹಾಕಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡು, "ಅಮ್ಮ, ಅಳಿಸಿದ್ದು ಕೂಡಲೇ ಹೋಗಲ್ಲ. ಅದರ ಜಾಗದಲ್ಲಿ ಬೇರೇದು ಬಂದು ಕೂತಾಗ ಹೋಗುತ್ತೆ. ಇದನ್ನ ಇಷ್ಟು ದಿನ ದುಡಿಸಿದ್ದಾರೆ. ನೋಡ್ತೀನಿ, ಆಸೆ ಮಾತ್ರ ಇಟ್ಕೋಬೇಡಿ," ಅಂದಳು.

ಬೇಡ ಅಂದರೆ ಆಸೆ ಕೇಳುತ್ತದೆಯೇ. ಕರೆ ಬಂದ ದಿನ ಅವಳು ತಲೆ ಬಾಚಿಕೊಂಡು, ಯಾರನ್ನೋ ನೋಡಲು ಹೋಗುವವಳ ಹಾಗೆ ಹೋದಳು. ಅಂಗಡಿಯವಳು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಟ್ಟು ಒಂದೊಂದೇ ತೋರಿಸಿದಳು. ಕೆಲವು ಫೋಟೋಗಳ ಹೆಸರು ಉಳಿದಿತ್ತು, ಒಳಗೆ ಏನೂ ಇರಲಿಲ್ಲ. ಕೆಲವು ಮೇಲಿಂದ ಎರಡು ಬೆರಳಷ್ಟು ಬಂದು, ಕೆಳಗೆಲ್ಲ ಬೂದು ಬಣ್ಣ. ಒಂದರಲ್ಲಿ ಕಿಟಕಿಯ ಮೇಲಂಚು. ಒಂದರಲ್ಲಿ ಕೂದಲು, ಬೈತಲೆ, ಹಣೆಯ ಮೇಲ್ಭಾಗ. ಹುಬ್ಬು ಶುರುವಾಗುವ ಜಾಗದಿಂದ ಕೆಳಗೆ ಬೂದು.

"ಇಷ್ಟೇನಾ?" ಅಂದಳು ಅಮ್ಮ.

"ಫೋಟೋ ಇಷ್ಟೇ. ಬೇರೆ ಚಿಕ್ಕ ಚಿಕ್ಕ ಫೈಲು ಸುಮಾರು ಸಿಕ್ಕಿವೆ. ಏನು ಅಂತ ನನಗೆ ಗೊತ್ತಾಗ್ಲಿಲ್ಲ, ನಿಮಗೆ ಗೊತ್ತಿರಬಹುದು." ಅವಳು ತೆರೆದು ತೋರಿಸಿದಳು. ಬಿಳಿ ಹಿನ್ನೆಲೆಯಲ್ಲಿ ಒಂದು ನೀಲಿ ಗುಂಡಿ. ಅಂಚು ಮುರಿದ ಒಂದು ಕಂದು ಗುಂಡಿ. ಬ್ಯಾಂಡೇಜು ಬಟ್ಟೆಯ ಒಂದು ತುಂಡು. ಪ್ರತಿಯೊಂದರ ಹೆಸರಿನಲ್ಲೂ 'ಪಿಟೀಲು' ಎಂದಿತ್ತು.

"ಇವು ನಾನು ತಂದುಕೊಟ್ಟ ಗುಂಡಿ," ಅಂದಳು ಅಮ್ಮ. ಅದೇನು, ಯಾತಕ್ಕೆ ಮಾಡುತ್ತಿದ್ದಳು ಎಂದು ಹೇಳಿದಳು. ಅಂಗಡಿಯವಳು ಕನ್ನಡಕ ಏರಿಸಿಕೊಂಡು ಇಂಟರ್ನೆಟ್ಟಿನಲ್ಲಿ ಆ ಹೆಸರು ಹಾಕಿ ಹುಡುಕಿದಳು. ಗುಂಪು ಸಿಕ್ಕಿತು. ಅದನ್ನು ನೋಡಿಕೊಳ್ಳುತ್ತಿದ್ದವಳಿಗೆ ಎಲ್ಲರೂ 'ಲೈಬ್ರರಿ ಅಕ್ಕ' ಅನ್ನುತ್ತಿದ್ದರು; ಯಾವುದೋ ಊರಿನ ಗ್ರಂಥಾಲಯದಲ್ಲಿ ಕೆಲಸವಂತೆ. ಅಂಗಡಿಯವಳು ಫೋನ್ ನಂಬರು ತರಿಸಿಕೊಟ್ಟಳು.

ಅಮ್ಮ ಮರುದಿನ ಊಟದ ಬಿಡುವಿನಲ್ಲಿ, ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು.

"ಪಿಟೀಲು ಅಮ್ಮನಾ?" ಆ ಕಡೆಯ ದನಿ ಅರಳಿತು. "ಎಲ್ಲಿ ಹೋದ್ಲು ನಿಮ್ಮ ಮಗಳು? ಹೇಳದೆ ಕೇಳದೆ ಮಾಯ ಆಗ್ಬಿಟ್ಟಿದ್ದಾಳೆ. ನಾವೆಲ್ಲ ಮದುವೆ ಗಿದುವೆ ಆಗಿರ್ಬೇಕು ಅಂದ್ಕೊಂಡಿದ್ವಿ."

ಹೀಗಾಗಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಜಗತ್ತಿನ ಒಂದು ಮೂಲೆಯಲ್ಲಿ ಮಗಳು ಇನ್ನೂ ಸತ್ತಿರಲಿಲ್ಲ. ಈಗ ಅವಳೇ ಹೇಳಬೇಕಾಯಿತು. ಹೇಳಿದಳು. ಲೈಬ್ರರಿ ಅಕ್ಕ, "ಕಾಯಿಲೆ ಇತ್ತಾ ಅವಳಿಗೆ? ಒಂದು ದಿನಾನೂ ಹೇಳ್ಲಿಲ್ವಲ್ಲಮ್ಮ," ಅಂದಳು.

"ಎಲ್ಲಿಂದ ಮಾತಾಡ್ತಿದ್ಲು ಅಂತ ಅಂದ್ಕೊಂಡಿದ್ರಿ?"

"ಆಫೀಸಿಂದ ಅಂತಿದ್ಲು. ದಿನ ಬಿಟ್ಟು ದಿನ ಡ್ಯೂಟಿ, ಕೂತಲ್ಲೇ ಕೆಲಸ, ಬಾಸು ತುಂಬ ಜೋರು, ಎದ್ದು ಓಡಾಡೋಕೂ ಬಿಡಲ್ಲ ಅಂತ ನಗ್ತಿದ್ಲು."

ಅಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಒಳಗೆ ಬಿಡುವು ಮುಗಿದ ಗಂಟೆ ಹೊಡೆಯಿತು. ಅವಳ ಮುಖವಿರುವ ಒಂದು ಫೋಟೋ, ಒಂದೇ ಒಂದು, ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿ, ಫೋನ್ ಇಟ್ಟು ಒಳಗೆ ಹೋದಳು.

ಲೈಬ್ರರಿ ಅಕ್ಕ ಎಲ್ಲರನ್ನೂ ಕೇಳಿದಳು. ಯಾರ ಹತ್ತಿರವೂ ಇರಲಿಲ್ಲ. ಪಿಟೀಲು ತನ್ನ ಮುಖವನ್ನು ಅಲ್ಲಿ ಹಾಕಿಯೇ ಇರಲಿಲ್ಲ. ಆದರೆ ಅವಳು ಕೊಟ್ಟ ಸಾಮಗ್ರಿಯಿಂದ ತಾವು ಮಾಡಿದ ಪುಟಗಳನ್ನು ಎಲ್ಲರೂ ಕಳಿಸಿದರು. ಒಬ್ಬರು ಎರಡು, ಒಬ್ಬರು ಹತ್ತು, ಒಬ್ಬರು ಇಡೀ ಆಲ್ಬಮ್ಮು. ಅವನ್ನೆಲ್ಲ ಹಾಕಿಸಿದ ಲ್ಯಾಪ್‌ಟಾಪನ್ನು ಅಮ್ಮ ಒಂದು ರಜೆಯ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ತೆರೆದು ಕೂತಳು.

ಯಾರದೋ ಮದುವೆ. ಯಾರದೋ ಮಗುವಿನ ಮೊದಲ ಹೆಜ್ಜೆ. ಯಾರದೋ ಅಜ್ಜ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿರುವುದು. ಒಂದು ನಾಯಿಮರಿ. ಎಲ್ಲದರ ಮೂಲೆಯಲ್ಲೂ ಲಾಂಡ್ರಿಯ ಗುಂಡಿಗಳು, ಅಂಚಿನಲ್ಲಿ ಆಸ್ಪತ್ರೆಯ ಜಾಳಿಗೆ. ಮದುವಣಗಿತ್ತಿಯ ಫೋಟೋದ ಸುತ್ತ ಆ ಬ್ಯಾಂಡೇಜಿನ ಲೇಸು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಅದು ಏನೆಂದು ಆ ಹುಡುಗಿಗೆ ಗೊತ್ತಿರಲಾರದು. ಒಂದು ಕ್ಷಣ ಅಮ್ಮನಿಗೆ ಹೊಟ್ಟೆಕಿಚ್ಚಾಯಿತು. ಇಷ್ಟು ಜನರ ಮನೆಯವರೆಲ್ಲ ಭದ್ರವಾಗಿದ್ದಾರೆ, ನನ್ನ ಮಗಳೊಬ್ಬಳು ಇಲ್ಲ. ಮುಚ್ಚಿಬಿಡೋಣ ಅಂದುಕೊಂಡಳು. ಮುಚ್ಚಲಿಲ್ಲ.

ಗಂಡ ಅಂದು ಬೇಗ ಬಂದ. ಆ ಜಗಳವಾಗದ ಜಗಳದ ನಂತರ ಅವರ ನಡುವೆ ಮಾತಿರಲಿಲ್ಲ. ಊಟಕ್ಕೆ ತಟ್ಟೆ ಇಡುವಳು, ಅವನು ಉಣ್ಣುವನು. ಅವನು ನೀರು ಕುಡಿಯಲು ಅಡುಗೆಮನೆಗೆ ಬಂದವನು ತೆರೆಯತ್ತ ನೋಡಿ ಹಾಗೇ ನಿಂತ. ಅಜ್ಜನ ಫೋಟೋದ ಹಿಂದೆ, ಪುಟದ ತುಂಬ, ಹಸಿರಿನ ಮೇಲೆ ಎಳೆದ ಕೆನೆಬಣ್ಣ, ಅದರ ಮೇಲೆ ಇಟ್ಟಿಗೆ ಕೆಂಪು.

"ಇದು ನನ್ನ ಕೈ," ಅಂದ.

ಅವಳು ತಿರುಗಲಿಲ್ಲ. ಆದರೆ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಯ ಗಂಟನ್ನು ಎತ್ತಿ ಕೆಳಗಿಟ್ಟಳು. ಅವನು ಕೂತ. ಮುಂದಿನ ಪುಟ ತೆಗೆದಳು. ಅಲ್ಲಿಯೂ ಅವನ ಬ್ರಷ್ಷಿನ ಎಳೆತ. "ಈ ನೀಲಿ ಶಾಲೆ ಕೆಲಸದ್ದು," ಅಂದ. "ಈ ಹಳದಿ... ಇದು ಆಸ್ಪತ್ರೆ ಹಿಂದಿನ ಬೀದಿ ಮನೇದು. ಅವಳನ್ನ ಯಂತ್ರಕ್ಕೆ ಹಾಕಿ ನಾನು ಅಲ್ಲಿಗೆ ಕೆಲಸಕ್ಕೆ ಹೋಗ್ತಿದ್ದೆ." ಬೆರಳನ್ನು ತೆರೆಗೆ ತಾಗಿಸದೆ, ಗಾಳಿಯಲ್ಲೇ ಆ ಎಳೆತವನ್ನು ಹಿಂಬಾಲಿಸಿದ.

ಇಬ್ಬರೂ ಬಹಳ ಪುಟ ನೋಡಿದರು. ಒಮ್ಮೆ ಅವನೇ, ಕೇಳದಿದ್ದರೂ, ಹೇಳತೊಡಗಿದ.

"ತಮ್ಮನಿಗೆ ಕೊಡೋ ಮೊದಲು ಒಂದ್ಸಲ ತೆಗೆದಿದ್ದೆ ಇದನ್ನ. ತೆಗೆದ ಕೂಡಲೇ ಒಂದು ಫೋಟೋ ಬಂತು. ನೀನು, ಅವಳು. ಆಸ್ಪತ್ರೇಲಿ. ಮುಚ್ಚಿಬಿಟ್ಟೆ. ಮತ್ತೆ ತೆಗೆಯೋಕೆ ಧೈರ್ಯ ಬರ್ಲಿಲ್ಲ. ಇದು ಮನೇಲಿದ್ರೆ ನಾನು ದಿನಾ ತೆಗೀತೀನಿ, ಕೆಲಸಕ್ಕೇ ಹೋಗಲ್ಲ, ಹುಚ್ಚನ ಥರ ಇದರ ಮುಂದೇನೇ ಕೂರ್ತೀನಿ ಅಂತ ಅನ್ನಿಸ್ತು. ಅದಕ್ಕೇ ಕೊಟ್ಟೆ. ಅಳಿಸ್ತಾರೆ ಅಂತ ಹೊಳೀಲಿಲ್ಲ ಕಣೇ ನಂಗೆ. ಅಲ್ಲೇ ಒಳಗಿರುತ್ತೆ ಅಂದ್ಕೊಂಡಿದ್ದೆ."

ಅವಳು ಈಗ ಅವನ ಕಡೆ ತಿರುಗಿದಳು. ಆ ಫೋಟೋ ತೆಗೆದದ್ದು ಅವಳಿಗೆ ನೆನಪಿತ್ತು. ಜ್ವರ ಇಳಿಯಿತು ಅಂದುಕೊಂಡ ಬೆಳಿಗ್ಗೆ. ಪಿಟೀಲು ಲ್ಯಾಪ್‌ಟಾಪಿನ ಕ್ಯಾಮೆರಾ ಹಾಕಿ, "ಬಾಮ್ಮ, ಪಕ್ಕಕ್ಕೆ ಬಾ," ಎಂದು ಎಳೆದುಕೊಂಡಿದ್ದಳು. ಹೇಗೆ ಬಂದಿದೆ ಎಂದು ನೋಡುವ ಮೊದಲೇ ಡಾಕ್ಟರು ಬಂದಿದ್ದರು. ಆ ಫೋಟೋವನ್ನು ಅವಳು ನೋಡಿಯೇ ಇರಲಿಲ್ಲ. ನೋಡಿದವನು ಭೂಮಿಯ ಮೇಲೆ ಇವನೊಬ್ಬ.

ಬೈಯಬೇಕು ಅನ್ನಿಸಿತು. ಬೈಯದೆ, "ಹೇಗಿದ್ಲು ಅದರಲ್ಲಿ?" ಎಂದು ಕೇಳಿದಳು.

"ನಗ್ತಿದ್ಲು."

"ಕೋರೆಹಲ್ಲು ಕಾಣ್ತಿತ್ತಾ?"

"ಕಾಣ್ತಿತ್ತು."

"ಯಾವ ಕಡೆ?"

ಅವನು ಕಣ್ಣು ಮುಚ್ಚಿಕೊಂಡ. ತನ್ನದೇ ತುಟಿಯ ಮೇಲೆ ಬೆರಳಿಟ್ಟು ಆಚೆ ಈಚೆ ಸರಿಸಿದ. "ಎಡಕ್ಕೆ. ಅವಳ ಎಡಕ್ಕೆ. ಆದ್ರೆ ಆ ಕ್ಯಾಮೆರಾ ಕನ್ನಡಿ ಥರ ತಿರುಗಿಸಿ ತೋರಿಸುತ್ತಂತಲ್ಲ, ಅದು ಗೊತ್ತಿಲ್ಲ."

"ನಾನು?"

"ನೀನು ಅವಳ ಕಡೆ ನೋಡ್ತಿದ್ದೆ, ಕ್ಯಾಮೆರಾ ಕಡೆ ಅಲ್ಲ. ಕೂದಲು ಕೆದರಿತ್ತು. ಅವಳ ತಲೆ ನಿನ್ನ ಭುಜದ ಮೇಲಿತ್ತು. ನೀಲಿ ಸ್ವೆಟರ್ ಹಾಕಿದ್ಲು."

"ಹಸಿರು," ಅಂದಳು ಅವಳು. "ನಾನೇ ಒಗೆದು ಹಾಕಿದ್ದು. ಹಸಿರು ಸ್ವೆಟರ್."

"ಬಣ್ಣ ನಂಗೆ ಗೊತ್ತಾಗಲ್ವೇನೇ? ನೀಲಿ. ಸ್ವಲ್ಪ ಹಸಿರು ಸೇರಿರಬಹುದು, ಆದ್ರೆ ನೀಲಿ."

"ನಾನು ಪಕ್ಕದಲ್ಲೇ ಕೂತಿದ್ದೆನಲ್ರೀ."

"ನಾನು ನೋಡಿದೆನಲ್ಲೇ."

ಸ್ವೆಟರು ಆಸ್ಪತ್ರೆಯಿಂದ ವಾಪಸು ಬಂದಿರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು, ಯಾರೋ "ಬರ್ಲಿ, ಬರ್ಲಿ" ಅನ್ನುತ್ತಿದ್ದರು. ಅವಳು, "ಇನ್ನೇನಿತ್ತು ಹೇಳಿ," ಅಂದಳು. "ಹಿಂದೆ ಕಿಟಕಿ ಕಾಣ್ತಿತ್ತಾ?"

"ಕಾಣ್ತಿತ್ತು," ಅಂದ ಅವನು. ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಬೆರಳಿನಿಂದ ಕಿಟಕಿ ಎಲ್ಲಿತ್ತು, ಹಾಸಿಗೆ ಎಲ್ಲಿತ್ತು, ಅವರಿಬ್ಬರು ಎಲ್ಲಿದ್ದರು ಎಂದು ತೋರಿಸತೊಡಗಿದ.